ಕರಾವಳಿಯ ಕಟ್ಟಡಗಳಲ್ಲಿ ಲಿಫ್ಟ್ ತಪಾಸಣೆ: ಅನುಮತಿಯಿಂದ ನವೀಕರಣದವರೆಗೆ

ಉತ್ತರ ಕನ್ನಡದಲ್ಲಿ ಲಿಫ್ಟ್ ಅಂದರೆ ಮುರ್ಡೇಶ್ವರದ ರಾಜಗೋಪುರದ್ದು ಮಾತ್ರ ಎಂಬಂತಿದ್ದ ಕಾಲ ಹೋಗಿದೆ. ಕಾರವಾರದ ಬಡಾವಣೆಗಳಲ್ಲಿ ನಾಲ್ಕೈದು ಮಹಡಿಯ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಗೋಕರ್ಣದ ವಸತಿಗೃಹಗಳಲ್ಲಿ, ಕುಮಟಾ ಮತ್ತು ಶಿರಸಿಯ ಆಸ್ಪತ್ರೆ, ವಾಣಿಜ್ಯ ಸಂಕೀರ್ಣಗಳಲ್ಲಿ ಲಿಫ್ಟ್ ಸಾಮಾನ್ಯವಾಗಿದೆ. ವಯಸ್ಸಾದ ತಂದೆ ತಾಯಿಗಾಗಿ ಎರಡು ಮಹಡಿಯ ಸ್ವಂತ ಮನೆಗೂ ಲಿಫ್ಟ್ ಹಾಕಿಸುವವರಿದ್ದಾರೆ. ಯಂತ್ರ ಬಂದಷ್ಟು ಬೇಗ ಅದನ್ನು ನೋಡಿಕೊಳ್ಳುವ ರೂಢಿ ಬಂದಿಲ್ಲ ಎಂಬುದು ನನ್ನ ಕಳವಳ. ಪರವಾನಗಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಕೆಲಸ ಮುಗಿಯಿತು ಎಂದು ಅಪಾರ್ಟ್‌ಮೆಂಟ್ ಮಾಲೀಕರ ಬಹುತೇಕ ಸಂಘಗಳು ನಂಬಿವೆ.

ಲಿಫ್ಟ್ ತಪಾಸಣೆ ಮಾಡುವ ಸರ್ಕಾರದ ಪರಿವೀಕ್ಷಕರು ಬಂದು ಹೋಗುವುದು ಒಂದು ದಿನ. ಉಪ್ಪು ಗಾಳಿ ವರ್ಷವಿಡೀ ಬೀಸುತ್ತದೆ, ಮಳೆ ನಾಲ್ಕು ತಿಂಗಳು ಸುರಿಯುತ್ತದೆ. ಆದ್ದರಿಂದ ಇಲ್ಲಿ ಪ್ರಮಾಣಪತ್ರ ಪಡೆಯುವ ದಾರಿಯ ಜೊತೆಗೆ ಆ ಪತ್ರ ಹೇಳುವ ಮಾತನ್ನು ವರ್ಷಪೂರ್ತಿ ನಿಜವಾಗಿಡುವ ಬಗೆಯನ್ನೂ ಬರೆದಿದ್ದೇನೆ.

ಕಾನೂನು ಯಾರನ್ನು ಹೊಣೆ ಮಾಡುತ್ತದೆ

ರಾಜ್ಯದಲ್ಲಿ ಮೊದಲು 1974ರ ಲಿಫ್ಟ್ ಕಾಯ್ದೆ ಇತ್ತು. ಈಗ ಆ ಜಾಗದಲ್ಲಿ ಕರ್ನಾಟಕ ಲಿಫ್ಟುಗಳು, ಎಸ್ಕಲೇಟರುಗಳು ಮತ್ತು ಪ್ರಯಾಣಿಕರ ಕನ್ವೇಯರುಗಳ ಅಧಿನಿಯಮ, 2012 ಇದೆ. ಜಾರಿ ಮಾಡುವುದು ಇಂಧನ ಇಲಾಖೆಯಡಿ ಬರುವ ವಿದ್ಯುತ್ ಪರಿವೀಕ್ಷಣಾಲಯ. ಹೆಸ್ಕಾಂ ಕಚೇರಿಗೆ ಅರ್ಜಿ ಹಿಡಿದು ಹೋಗುವವರು ಬಹಳ ಮಂದಿ. ಹೆಸ್ಕಾಂ ವಿದ್ಯುತ್ ಪೂರೈಸುವ ಕಂಪನಿ, ಲಿಫ್ಟಿನ ಪರವಾನಗಿ ಅದರ ಕೆಲಸವಲ್ಲ.

ಕಾಯ್ದೆಯ ಬೆನ್ನೆಲುಬು ಸರಳವಾಗಿದೆ. ಲಿಫ್ಟ್ ಅಳವಡಿಸುವ ಮೊದಲು ಅನುಮತಿ ಬೇಕು. ಅಳವಡಿಸಿದ ಮೇಲೆ, ಜನರನ್ನು ಹತ್ತಿಸುವ ಮೊದಲು ತಪಾಸಣೆಯಾಗಿ ಪರವಾನಗಿ ಸಿಗಬೇಕು. ಆಮೇಲೆ ಕಾಲಕಾಲಕ್ಕೆ ಮರುತಪಾಸಣೆ ಆಗಬೇಕು, ಅಪಘಾತವಾದರೆ ವರದಿ ಹೋಗಬೇಕು. ಇವೆಲ್ಲಕ್ಕೂ ಹೊಣೆ ಮಾಲೀಕನದು. ಅಪಾರ್ಟ್‌ಮೆಂಟ್‌ನಲ್ಲಿ ಬಿಲ್ಡರ್ ಕೈತೊಳೆದುಕೊಂಡ ದಿನದಿಂದ ಮಾಲೀಕರ ಸಂಘವೇ ಆ ಜಾಗದಲ್ಲಿ ನಿಲ್ಲುತ್ತದೆ. ಹಸ್ತಾಂತರದ ಸಮಯದಲ್ಲಿ ಕಾರ್ಯದರ್ಶಿ ಮೊದಲು ಕೇಳಬೇಕಾದ ಕಾಗದ ಲಿಫ್ಟಿನದು. ಪರವಾನಗಿ ಯಾರ ಹೆಸರಿನಲ್ಲಿದೆ, ಯಾವ ದಿನಾಂಕದವರೆಗೆ ಇದೆ ಎಂದು ಓದಿ ನೋಡಿ. ಬಿಲ್ಡರ್ ಹೆಸರಿನಲ್ಲೇ ಉಳಿದಿದ್ದರೆ ಬದಲಾವಣೆಗೆ ಕೂಡಲೇ ಅರ್ಜಿ ಕೊಡಿ. ಮನೆ ಲಿಫ್ಟ್ ಹಾಕಿಸುವವರು 'ನಮ್ಮ ಮನೆಯೊಳಗಿನದಕ್ಕೆ ಯಾರು ಕೇಳುತ್ತಾರೆ' ಎಂದುಕೊಳ್ಳದೆ, ಮುಂಗಡ ಕೊಡುವ ಮೊದಲೇ ಪರಿವೀಕ್ಷಣಾಲಯದಲ್ಲಿ ವಿಚಾರಿಸುವುದು ಒಳ್ಳೆಯದು.

ಮೊದಲ ಹೆಜ್ಜೆ: ನಕ್ಷೆಯ ಹಂತದಲ್ಲೇ ಯೋಚಿಸಿ

ಅನುಮತಿಯ ಅರ್ಜಿಯ ಜೊತೆ ಕಟ್ಟಡದ ನಕ್ಷೆ, ಶಾಫ್ಟ್ (ಕ್ಯಾಬಿನ್ ಏರಿಳಿಯುವ ಕೊಳವೆಯಂಥ ಜಾಗ) ಮತ್ತು ಯಂತ್ರಕೋಣೆಯ ರೇಖಾಚಿತ್ರ, ಲಿಫ್ಟಿನ ತಾಂತ್ರಿಕ ವಿವರ ಮತ್ತು ಅಳವಡಿಸುವ ಸಂಸ್ಥೆಯ ವಿವರಗಳನ್ನು ಸಲ್ಲಿಸಬೇಕಾಗುತ್ತದೆ. ಇದನ್ನೆಲ್ಲ ಲಿಫ್ಟ್ ಕಂಪನಿಯೇ ಸಿದ್ಧಪಡಿಸುತ್ತದೆ. ನೀವು ಗಮನಿಸಬೇಕಾದ್ದು ಬೇರೆ.

ಮೊದಲನೆಯದು ಗುಂಡಿ. ಶಾಫ್ಟಿನ ತಳದಲ್ಲಿ, ಕೆಳಗಿನ ಮಹಡಿಯ ನೆಲಕ್ಕಿಂತ ತಗ್ಗಿನಲ್ಲಿ ಇರುವ ಈ ಗುಂಡಿಯಲ್ಲಿ ಬಫರ್ (ಕ್ಯಾಬಿನ್ ತೀರಾ ಕೆಳಗಿಳಿದರೆ ಹೊಡೆತ ತಡೆಯುವ ಸಾಧನ), ಗವರ್ನರ್ (ವೇಗ ಮಿತಿ ಮೀರಿದರೆ ಕಚ್ಚಿಕೊಳ್ಳುವ ಸಾಧನ) ಹಗ್ಗದ ತೂಕ, ಸುರಕ್ಷತಾ ಸ್ವಿಚ್‌ಗಳು ಕೂರುತ್ತವೆ. ಸಮುದ್ರ ಮತ್ತು ಹೊಳೆಯ ದಂಡೆಯ ಜಾಗಗಳಲ್ಲಿ ಆಷಾಢದ ಹೊತ್ತಿಗೆ ಅಂತರ್ಜಲ ನೆಲಮಟ್ಟಕ್ಕೆ ಬಂದಿರುತ್ತದೆ. ಗುಂಡಿಗೆ ಸರಿಯಾದ ಜಲನಿರೋಧಕ ಕೆಲಸ ಮಾಡಿಸದಿದ್ದರೆ ಮೊದಲ ಮಳೆಗಾಲದಲ್ಲೇ ಅದು ಬಾವಿಯಾಗುತ್ತದೆ, ಮತ್ತು ಯಂತ್ರ ಕೂರಿಸಿದ ಮೇಲೆ ಸೋರಿಕೆ ತಡೆಯುವುದು ಬಹಳ ಕಷ್ಟ. ಕಾಂಕ್ರೀಟು ಹಾಕಿದ ಮೇಲೆ ಒಂದು ಮಳೆಗಾಲ ಕಳೆಯಲು ಅವಕಾಶವಿದ್ದರೆ ಕಾದು ನೋಡಿ, ಆಮೇಲೆ ಯಂತ್ರ ತರಿಸಿ.

ಎರಡನೆಯದು ಯಂತ್ರಕೋಣೆ. ಇದು ಸಾಮಾನ್ಯವಾಗಿ ಛಾವಣಿಯ ಮೇಲಿರುತ್ತದೆ. ಕಿಟಕಿಯಿಂದ ಇರಚಲು ಬಡಿಯಬಾರದು, ಆದರೆ ಗಾಳಿ ಆಡಬೇಕು. ಪಡುಗಾಳಿಗೆ ಎದುರಾಗಿ ಕಿಟಕಿ ಇಟ್ಟರೆ ಉಪ್ಪುಮಂಜು ನೇರವಾಗಿ ನಿಯಂತ್ರಣ ಫಲಕದ ಮೇಲೆ ಕೂರುತ್ತದೆ.

ಮೂರನೆಯದು ಬೆಂಕಿಯ ವಿಚಾರ. ಕಟ್ಟಡದ ಎತ್ತರ 15 ಮೀಟರ್ ದಾಟಿದರೆ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅಗ್ನಿಶಾಮಕರು ಬಳಸಬಹುದಾದ ಲಿಫ್ಟ್ ಬೇಕು. ಕನಿಷ್ಠ ಎಂಟು ಜನರ ಸಾಮರ್ಥ್ಯ, ನೆಲಮಹಡಿಯಲ್ಲಿ ಪ್ರತ್ಯೇಕ ಸ್ವಿಚ್, ಒಂದು ನಿಮಿಷದೊಳಗೆ ಮೇಲಿನ ಮಹಡಿ ತಲುಪುವ ವೇಗ ಇರಬೇಕು. ಇದನ್ನು ಆಮೇಲೆ ಸೇರಿಸಲು ಆಗುವುದಿಲ್ಲ.

ಕಂಪನಿಯ ಜೊತೆಗಿನ ಒಪ್ಪಂದದಲ್ಲಿ ಯಾವ ಭಾರತೀಯ ಮಾನಕದಂತೆ ಯಂತ್ರ ತಯಾರಾಗಿದೆ ಎಂದು ಬರೆಸಿಕೊಳ್ಳಿ. ಹಳೆಯ ಲಿಫ್ಟುಗಳು ಐಎಸ್ 14665ರಂತೆ ಬಂದವು. 2022ರ ಐಎಸ್ 17900 ಅಂತಾರಾಷ್ಟ್ರೀಯ ಮಾನಕಗಳಿಗೆ ಹತ್ತಿರವಿದ್ದು, ಬಾಗಿಲು ತೆರೆದಿರುವಾಗ ಕ್ಯಾಬಿನ್ ತಾನಾಗಿ ಜರುಗದಂತೆ ತಡೆಯುವ ವ್ಯವಸ್ಥೆಯನ್ನೂ ಕೇಳುತ್ತದೆ. ಸಮುದ್ರದ ಸಮೀಪದ ಕಟ್ಟಡಕ್ಕೆ ಬಾಗಿಲು, ಹೊಸ್ತಿಲು, ಬಟನ್ ಫಲಕ ಸ್ಟೇನ್‌ಲೆಸ್ ಸ್ಟೀಲ್‌ನದ್ದಾಗಿರಲಿ. ಶಾಫ್ಟಿನೊಳಗಿನ ಬ್ರಾಕೆಟ್‌ಗಳಿಗೆ ಸತುವಿನ ಲೇಪನವಿರಲಿ. ಬೆಲೆ ಹೆಚ್ಚಾಗುತ್ತದೆ, ಆದರೆ ಇಲ್ಲಿ ಬರೀ ಬಣ್ಣ ಬಳಿದ ಕಬ್ಬಿಣ ಬಾಳುವುದಿಲ್ಲ.

ಎರಡನೆಯ ಹೆಜ್ಜೆ: ಪರಿವೀಕ್ಷಕರು ಬರುವ ಮೊದಲು ನಿಮ್ಮದೇ ತಪಾಸಣೆ

ಇಲ್ಲಿ ಹೇಳುವ ಕೆಲವನ್ನು ಯಾರು ಬೇಕಾದರೂ ನೋಡಬಹುದು. ಗುಂಡಿಗೆ ಇಳಿಯುವುದು, ಕ್ಯಾಬಿನ್ ಮೇಲೆ ಹತ್ತುವುದು, ಯಂತ್ರಕ್ಕೆ ಕೈಹಾಕುವುದು ತಂತ್ರಜ್ಞರ ಕೆಲಸ ಮಾತ್ರ. ವಾಚ್‌ಮನ್‌ನನ್ನು ಕಸ ತೆಗೆಯಲು ಗುಂಡಿಗೆ ಇಳಿಸುವ ಅಭ್ಯಾಸ ಎಲ್ಲಿದ್ದರೂ ಇಂದೇ ನಿಲ್ಲಿಸಿ.

*ಬಾಗಿಲು.* ಲಿಫ್ಟಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಯಾವುದೆಂದರೆ ಜನ ಹಗ್ಗ ಎನ್ನುತ್ತಾರೆ. ನಾನು ಬಾಗಿಲಿನ ಬೀಗ ಎನ್ನುತ್ತೇನೆ. ಹಗ್ಗಗಳು ಒಂದಕ್ಕಿಂತ ಹೆಚ್ಚಿರುತ್ತವೆ, ಅವು ಸೋತರೂ ಹಿಡಿಯಲು ಬೇರೆ ಸಾಧನವಿದೆ. ಬಾಗಿಲು ತೆರೆದುಕೊಂಡು ಕ್ಯಾಬಿನ್ ಅಲ್ಲಿ ಇಲ್ಲದಿದ್ದರೆ ಮಾತ್ರ ಕಾಲಿಟ್ಟವನನ್ನು ತಡೆಯಲು ಏನೂ ಇಲ್ಲ. 'ಲಿಫ್ಟ್ ಗುಂಡಿಗೆ ಬಿದ್ದು ಸಾವು' ಎಂದು ಪತ್ರಿಕೆಗಳಲ್ಲಿ ಓದುವ ಸುದ್ದಿಯ ಹಿಂದೆ ಇರುವುದು ಹೆಚ್ಚಾಗಿ ಇದೇ.

ಪ್ರತಿ ಮಹಡಿಯ ಬಾಗಿಲಿಗೂ ಒಂದು ಕೊಕ್ಕೆ ಮತ್ತು ಒಂದು ವಿದ್ಯುತ್ ಸಂಪರ್ಕ ಇರುತ್ತದೆ. ಕೊಕ್ಕೆ ಕನಿಷ್ಠ 7 ಮಿಲಿಮೀಟರ್ ಒಳಹೊಕ್ಕ ಮೇಲೆಯೇ ಯಂತ್ರಕ್ಕೆ ಹೊರಡುವ ಅಪ್ಪಣೆ ಸಿಗಬೇಕು. ಎಲ್ಲ ಮಹಡಿಗಳ ಸಂಪರ್ಕಗಳನ್ನೂ ಸರಪಳಿಯಂತೆ ಜೋಡಿಸಿರುತ್ತಾರೆ, ಒಂದು ಕಡಿದರೂ ಲಿಫ್ಟ್ ನಿಲ್ಲುತ್ತದೆ. ಮಳೆಗಾಲದಲ್ಲಿ ಈ ಸಂಪರ್ಕಗಳ ಮೇಲೆ ತೇವ ಕೂತು, ಉಪ್ಪು ಸೇರಿ, ಹಸಿರು ಕಿಲುಬು ಹಿಡಿಯುತ್ತದೆ. ಲಿಫ್ಟ್ ಪದೇಪದೇ ನಿಲ್ಲತೊಡಗುತ್ತದೆ. ನಾಲ್ಕನೆಯ ಮಹಡಿಯವರು ಫೋನ್ ಮಾಡಿ ಬೈಯುತ್ತಾರೆ. ಕಾರ್ಯದರ್ಶಿ ಮೆಕ್ಯಾನಿಕ್‌ಗೆ ಒತ್ತಾಯ ಹೇರುತ್ತಾರೆ. ಬಿಡಿಭಾಗ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರಬೇಕು. ಆಗ ಯಾರೋ ಒಂದು ತುಂಡು ತಂತಿಯಿಂದ ಆ ಸಂಪರ್ಕವನ್ನು ಶಾರ್ಟ್ ಮಾಡಿ ಲಿಫ್ಟ್ ಓಡಿಸುತ್ತಾರೆ. ಎಲ್ಲರಿಗೂ ಸಮಾಧಾನವಾಗುತ್ತದೆ. ಆ ಕ್ಷಣದಿಂದ ನಿಮ್ಮ ಲಿಫ್ಟ್ ಬಾಗಿಲು ತೆರೆದೂ ಚಲಿಸಬಲ್ಲ ಯಂತ್ರ.

ನಿಂತುಹೋದ ಲಿಫ್ಟ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಇದನ್ನು ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳುವ ಧೈರ್ಯ ಕಾರ್ಯದರ್ಶಿಗೆ ಬೇಕು. ಎರಡು ವಾರ ಮೆಟ್ಟಿಲು ಹತ್ತಿದರೆ ಮಂಡಿ ನೋಯಬಹುದು, ಅಷ್ಟೇ. ಸುರಕ್ಷತಾ ಸಂಪರ್ಕವನ್ನು ಶಾರ್ಟ್ ಮಾಡಿ ಲಿಫ್ಟನ್ನು ಬಳಕೆಗೆ ಬಿಡುವಂತಿಲ್ಲ ಎಂದು ನಿರ್ವಹಣಾ ಒಪ್ಪಂದದಲ್ಲಿ ಲಿಖಿತವಾಗಿ ಸೇರಿಸಿ. ಪ್ರತಿ ಸರ್ವಿಸ್ ವರದಿಯಲ್ಲೂ 'ಶಾರ್ಟ್ ಮಾಡಿದ ಸಂಪರ್ಕ ಇಲ್ಲ' ಎಂದು ಮೆಕ್ಯಾನಿಕ್ ಬರೆದು ಸಹಿ ಹಾಕಲಿ.

ಪರೀಕ್ಷಿಸುವುದು ಹೀಗೆ. ಮೆಕ್ಯಾನಿಕ್ ಎದುರಿನಲ್ಲೇ, ಕ್ಯಾಬಿನ್ ಬೇರೆ ಮಹಡಿಯಲ್ಲಿದ್ದಾಗ ಪ್ರತಿ ಮಹಡಿಯ ಬಾಗಿಲನ್ನೂ ಕೈಯಿಂದ ಸರಿಸಿ ನೋಡಲು ಅವರಿಗೆ ಹೇಳಿ. ತೆರೆದುಕೊಳ್ಳಲೇಬಾರದು. ನಂತರ ಕ್ಯಾಬಿನ್ ಒಂದು ಮಹಡಿಯಲ್ಲಿ ನಿಂತಿರುವಾಗ ಬಾಗಿಲನ್ನು ತೆರೆದಿಟ್ಟು, ಇನ್ನೊಂದು ಮಹಡಿಯಿಂದ ಬಟನ್ ಒತ್ತಿ. ಕ್ಯಾಬಿನ್ ಅಲುಗಾಡಬಾರದು. ಜಾಲರಿ ಗೇಟಿನ ಹಳೆಯ ಲಿಫ್ಟುಗಳಲ್ಲಿ ಹೊರ ಬಾಗಿಲು, ಒಳ ಗೇಟು ಎರಡಕ್ಕೂ ಬೇರೆಬೇರೆಯಾಗಿ ಈ ಪರೀಕ್ಷೆ ಮಾಡಿಸಿ. ಮಕ್ಕಳ ಕೈ ಆ ಜಾಲರಿಯೊಳಗಿಂದ ಹೊರಗೆ ಚಾಚಲು ಸಾಧ್ಯ. ಬಜೆಟ್ ಇದ್ದರೆ ಮೊದಲು ಬದಲಿಸಬೇಕಾದ್ದು ಅಂಥ ಗೇಟು.

*ಹಗ್ಗ.* ಉಕ್ಕಿನ ಹಗ್ಗದಲ್ಲಿ ಎಳೆಗಳ ಸಂದಿನಿಂದ ಕೆಂಪು ಪುಡಿ ಉದುರುತ್ತಿದ್ದರೆ ಒಳಗಿನಿಂದಲೇ ತುಕ್ಕು ತಿನ್ನುತ್ತಿದೆ ಎಂದರ್ಥ. ಹೊರಗಿನಿಂದ ಹಗ್ಗ ಗಟ್ಟಿಯಾಗಿಯೇ ಕಾಣಬಹುದು. ತಂತ್ರಜ್ಞರು ವ್ಯಾಸ ಅಳೆದು, ಮುರಿದ ಎಳೆಗಳನ್ನು ಎಣಿಸಿ ದಾಖಲಿಸಬೇಕು. ಮೂಲ ವ್ಯಾಸದ ಹತ್ತನೆಯ ಒಂದು ಭಾಗ ಸವೆದ ಹಗ್ಗವನ್ನು ಉಳಿಸಿಕೊಳ್ಳುವ ಮಾತೇ ಇಲ್ಲ. ಬದಲಿಸುವಾಗ ಎಲ್ಲ ಹಗ್ಗಗಳನ್ನೂ ಒಟ್ಟಿಗೆ ಬದಲಿಸಬೇಕು, ಇಲ್ಲದಿದ್ದರೆ ಭಾರ ಸಮನಾಗಿ ಹಂಚಿಕೆಯಾಗುವುದಿಲ್ಲ. ತುಕ್ಕಿನ ಭಯಕ್ಕೆ ಎಣ್ಣೆ ಸುರಿಯುವುದೂ ತಪ್ಪು. ಹಗ್ಗ ಚಕ್ರದ ಮೇಲೆ ಹಿಡಿತದಿಂದಲೇ ಕೆಲಸ ಮಾಡುತ್ತದೆ, ಜಾರಿದರೆ ಕ್ಯಾಬಿನ್ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ.

*ಬ್ರೇಕ್.* ಕ್ಯಾಬಿನ್‌ಗೆ ಸಮತೋಲನವಾಗಿ ಇನ್ನೊಂದು ಬದಿ ತೂಕದ ಕಟ್ಟು ಇರುತ್ತದೆ. ಅದು ಕ್ಯಾಬಿನ್ನಿನ ತೂಕದ ಜೊತೆಗೆ ಹೊರಬಹುದಾದ ಭಾರದ ಸುಮಾರು ಅರ್ಧದಷ್ಟಿರುತ್ತದೆ. ಹಾಗಾಗಿ ಒಬ್ಬರೇ ಇರುವ ಲಿಫ್ಟಿನ ಬ್ರೇಕ್ ಸೋತರೆ ಅದು ಕೆಳಗೆ ಬೀಳುವುದಿಲ್ಲ, ಮೇಲಕ್ಕೆ ನುಗ್ಗುತ್ತದೆ. ಮಹಡಿಯ ನೆಲ ಮತ್ತು ಕ್ಯಾಬಿನ್ನಿನ ನೆಲ ಸಮವಾಗಿ ಕೂಡುತ್ತಿಲ್ಲ, ದಿನ ಕಳೆದಂತೆ ಎಡವುವಷ್ಟು ಅಂತರ ಬರುತ್ತಿದೆ ಎಂದಾದರೆ ಬ್ರೇಕಿನ ಕಡೆ ಮೊದಲು ನೋಡಿಸಿ. ಹೊಸ ಲಿಫ್ಟುಗಳಲ್ಲಿ ಈ ಅಂತರ 10 ಮಿಲಿಮೀಟರ್ ಮೀರಬಾರದು.

*ಗವರ್ನರ್ ಮತ್ತು ಸುರಕ್ಷತಾ ಹಿಡಿ.* ಕ್ಯಾಬಿನ್ ನಿಗದಿತ ವೇಗ ಮೀರಿದಾಗ ಗವರ್ನರ್ ಕಚ್ಚಿಕೊಂಡು, ಕ್ಯಾಬಿನ್ನಿನ ತಳದ ಹಿಡಿಗಳು ಅದು ಏರಿಳಿಯುವ ಕಂಬಿಯನ್ನು ಬಿಗಿಯುತ್ತವೆ. ಹಗ್ಗ ತುಂಡಾದರೂ ಕ್ಯಾಬಿನ್ ನಿಲ್ಲುವ ಈ ಉಪಾಯವನ್ನು ಎಲಿಷಾ ಓಟಿಸ್ 1854ರಲ್ಲಿ ನ್ಯೂಯಾರ್ಕ್‌ನಲ್ಲಿ ಜನರೆದುರು ತೋರಿಸಿದ ಮೇಲೆಯೇ ಮನುಷ್ಯರು ಲಿಫ್ಟನ್ನು ನಂಬಿದ್ದು. ವರ್ಷಗಟ್ಟಲೆ ಅಲುಗಾಡದ ಭಾಗವಾದ್ದರಿಂದ ಇದು ತುಕ್ಕಿನಿಂದ ಬಿಗಿದುಹೋಗುವ ಸಾಧ್ಯತೆ ಇಲ್ಲಿ ಹೆಚ್ಚು. ಪರಿವೀಕ್ಷಣೆಗೆ ಮುನ್ನ ಒಮ್ಮೆ ಪರೀಕ್ಷಿಸಿಡಲು ಕಂಪನಿಗೆ ಹೇಳಿ. ಸಬೂಬು ಹೇಳಿದರೆ ಲಿಖಿತವಾಗಿ ಕೇಳಿ.

*ಕ್ಯಾಬಿನ್ ಒಳಗೆ.* ಒಬ್ಬರಿಗೆ 68 ಕಿಲೋ ಲೆಕ್ಕದಲ್ಲಿ ಆರು ಜನರ ಲಿಫ್ಟ್ ಎಂದರೆ 408 ಕಿಲೋ, ಎಂಟು ಜನರದ್ದು 544 ಕಿಲೋ. ಆರು ಜನರ ಲಿಫ್ಟಿಗೆ 50 ಕಿಲೋದ ಎಂಟು ಸಿಮೆಂಟ್ ಚೀಲ ಹೇರಿ, ಹೇರಿದವನೂ ಹತ್ತಿದರೆ ಮಿತಿ ದಾಟಿತು. ಅತಿಭಾರದ ಎಚ್ಚರಿಕೆ ಗಂಟೆ ನಿಜವಾಗಿ ಮೊಳಗುತ್ತದೆಯೇ ನೋಡಿ. ಅಲಾರಂ ಬಟನ್, ಇಂಟರ್‌ಕಾಮ್, ತುರ್ತು ದೀಪ, ಗಾಳಿಯ ಫ್ಯಾನ್ ಇವನ್ನು ವಾಚ್‌ಮನ್ ವಾರಕ್ಕೊಮ್ಮೆ ನೋಡಬಹುದು. ಇಂಟರ್‌ಕಾಮ್ ಇನ್ನೊಂದು ತುದಿ ಎಲ್ಲಿ ರಿಂಗಾಗುತ್ತದೆ, ರಾತ್ರಿ ಅಲ್ಲಿ ಯಾರಿರುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಕರೆಂಟು ಹೋದಾಗ ಬ್ಯಾಟರಿಯ ಬಲದಿಂದ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವ ಎಆರ್‌ಡಿ ಸಾಧನ ನಮ್ಮ ಜಿಲ್ಲೆಗೆ ತೀರಾ ಅಗತ್ಯ. ಗಾಳಿ ಮಳೆಗೆ ಮರ ಬಿದ್ದು ತಾಸುಗಟ್ಟಲೆ ಕರೆಂಟು ಹೋಗುವ ಊರುಗಳು ನಮ್ಮವು. ತಿಂಗಳಿಗೊಮ್ಮೆ, ಖಾಲಿ ಕ್ಯಾಬಿನ್ ಎರಡು ಮಹಡಿಗಳ ನಡುವೆ ಇರುವಾಗ ಮುಖ್ಯ ಸ್ವಿಚ್ ಆರಿಸಿ ಅದು ಕೆಲಸ ಮಾಡುತ್ತದೆಯೇ ನೋಡಿಸಿ.

*ಅರ್ಥಿಂಗ್.* ಮೋಟರ್ ಮತ್ತು ನಿಯಂತ್ರಣ ಫಲಕಕ್ಕೆ ಎರಡು ಪ್ರತ್ಯೇಕ ಅರ್ಥಿಂಗ್ ಬೇಕು. ಛಾವಣಿಯ ಮೇಲಿನ ಜೋಡಣೆಯ ಬೋಲ್ಟುಗಳು ಕರಾವಳಿಯಲ್ಲಿ ಬೇಗ ಸವೆಯುತ್ತವೆ. ವಿದ್ಯುತ್ ಗುತ್ತಿಗೆದಾರರಿಂದ ಪ್ರತಿರೋಧ ಅಳೆಸಿ ವರದಿ ಇಟ್ಟುಕೊಳ್ಳಿ.

ಮೂರನೆಯ ಹೆಜ್ಜೆ: ತಪಾಸಣೆಯ ದಿನ

ಲಿಫ್ಟ್ ಕಂಪನಿಯ ತಂತ್ರಜ್ಞರು, ವಿದ್ಯುತ್ ಗುತ್ತಿಗೆದಾರರ ಕಡೆಯವರು, ಸಂಘದ ಒಬ್ಬರು ಸ್ಥಳದಲ್ಲಿರಬೇಕು. ಹಿಂದಿನ ದಿನವೇ ನಿವಾಸಿಗಳಿಗೆ ತಿಳಿಸಿ, ಪ್ರತಿ ಮಹಡಿಯಲ್ಲೂ ಫಲಕ ಹಾಕಿ. ಅನುಮತಿ ಪತ್ರ, ಹಿಂದಿನ ಪರವಾನಗಿ, ಶುಲ್ಕದ ರಸೀದಿ, ನಿರ್ವಹಣಾ ಒಪ್ಪಂದ, ಸರ್ವಿಸ್ ವರದಿಗಳು, ಹಗ್ಗದ ಪ್ರಮಾಣಪತ್ರ, ಅರ್ಥಿಂಗ್ ವರದಿ ಎಲ್ಲ ಒಂದೇ ಕಡತದಲ್ಲಿರಲಿ. ಹೊಸ ಲಿಫ್ಟ್ ಆದರೆ ಭಾರದ ಪರೀಕ್ಷೆಗೆ ತೂಕಗಳು ಸಿದ್ಧವಿರಬೇಕು. ನಿಗದಿತ ಭಾರಕ್ಕಿಂತ ಕಾಲುಭಾಗ ಹೆಚ್ಚು ಹೇರಿ, ಪೂರ್ಣ ವೇಗದಲ್ಲಿ ಇಳಿಯುವಾಗ ಬ್ರೇಕ್ ನಿಲ್ಲಿಸುತ್ತದೆಯೇ ಎಂದು ನೋಡುತ್ತಾರೆ.

ಪರಿವೀಕ್ಷಕರ ಜೊತೆ ನಡೆಯಿರಿ, ಕೇಳಿ. ಯಾವ ಸ್ವಿಚ್ ಏಕೆ ಇದೆ ಎಂದು ಅವರಿಂದ ಕಲಿಯುವ ಅವಕಾಶ ಬೇರೆ ದಿನ ಸಿಗುವುದಿಲ್ಲ. ಹಾಳಾದುದನ್ನು ಅಂದಿಗಷ್ಟೇ ತೇಪೆ ಹಚ್ಚಿ ತೋರಿಸಲು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ನಾಳೆ ಅದೇ ಲಿಫ್ಟಿನಲ್ಲಿ ಹತ್ತುವುದು ನಿಮ್ಮ ಮನೆಯವರೇ.

ನ್ಯೂನತೆಗಳ ಪಟ್ಟಿ ಬಂದರೆ ಅದನ್ನು ಅವಮಾನವೆಂದು ತಿಳಿಯುವ ಅಗತ್ಯವಿಲ್ಲ. ಪ್ರತಿಯೊಂದರ ಎದುರು ಯಾರು ಸರಿಪಡಿಸಬೇಕು, ಯಾವ ದಿನಾಂಕದೊಳಗೆ ಎಂದು ಬರೆದು ಕಂಪನಿಗೆ ಕಳಿಸಿ. ಕೆಲಸ ಮುಗಿದ ಮೇಲೆ ಫೋಟೋ ಮತ್ತು ಬಿಲ್ ಸಮೇತ ಪರಿವೀಕ್ಷಣಾಲಯಕ್ಕೆ ಪಾಲನಾ ವರದಿ ಕೊಡಿ. ಪರವಾನಗಿ ಬಂದ ಕೂಡಲೇ ಮುಂದಿನ ತಪಾಸಣೆಯ ದಿನಾಂಕವನ್ನು ಸಂಘದ ನಡಾವಳಿ ಪುಸ್ತಕದಲ್ಲಿ ದಾಖಲಿಸಿ. ಪದಾಧಿಕಾರಿಗಳು ಬದಲಾದರೂ ಪುಸ್ತಕ ಉಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಮಳೆಗಾಲಕ್ಕೆ ತಕ್ಕ ನಿರ್ವಹಣೆ

ಬಯಲುಸೀಮೆಗೆ ಬರೆದ ಒಪ್ಪಂದದ ನಮೂನೆಯನ್ನೇ ಕಂಪನಿಗಳು ಇಲ್ಲಿಗೂ ಕೊಡುತ್ತವೆ. ಅದಕ್ಕೆ ನಮ್ಮ ಹವೆಯ ಕಲಮುಗಳನ್ನು ಸೇರಿಸಿಕೊಳ್ಳಬೇಕು. ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು, ಯಂತ್ರಕೋಣೆಯ ಛಾವಣಿ ಸೋರಿಕೆ, ಕಿಟಕಿಯ ಮುಚ್ಚಿಗೆ, ಗುಂಡಿಯ ಒಣತನ, ಬಾಗಿಲಿನ ಎಲ್ಲ ಸಂಪರ್ಕಗಳ ಶುದ್ಧಿ ಆಗಬೇಕು. ಬಾಗಿಲು ಸಂಪರ್ಕದ ಒಂದೆರಡು ಬಿಡಿಭಾಗ ಕಟ್ಟಡದಲ್ಲೇ ದಾಸ್ತಾನಿರಲಿ. ಹೀಗಿದ್ದರೆ ಶಾರ್ಟ್ ಮಾಡುವ ನೆಪವೇ ಉಳಿಯುವುದಿಲ್ಲ. ಮಳೆ ನಡುವೆ ಗುಂಡಿಯಲ್ಲಿ ನೀರು ಕಂಡರೆ ಲಿಫ್ಟನ್ನು ಮೇಲಿನ ಮಹಡಿಗೆ ಒಯ್ದು, ಮುಖ್ಯ ಸ್ವಿಚ್ ಆರಿಸಿ, ತಂತ್ರಜ್ಞರನ್ನು ಕರೆಯಿರಿ. ನೀರು ಇಂಗಿತೆಂದು ತಾವೇ ಚಾಲೂ ಮಾಡಬಾರದು. ಅಕ್ಟೋಬರ್‌ನಲ್ಲಿ ಹಗ್ಗ, ಗವರ್ನರ್, ಬೋಲ್ಟುಗಳ ತುಕ್ಕಿನ ತಪಾಸಣೆ ಇನ್ನೊಮ್ಮೆ ನಡೆಯಲಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಉಪ್ಪಿಲ್ಲ, ಆದರೆ ತಿಂಗಳುಗಟ್ಟಲೆ ಬಿಸಿಲು ಕಾಣದ ತೇವವಿದೆ. ನಿಯಂತ್ರಣ ಫಲಕದೊಳಗೆ ಇರುವೆ, ಹಲ್ಲಿ, ಇಲಿ ಸೇರಿಕೊಳ್ಳುತ್ತವೆ. ತಂತಿ ಒಳಹೋಗುವ ರಂಧ್ರಗಳನ್ನು ಮುಚ್ಚಿಸಿ.

ಒಳಗೆ ಸಿಕ್ಕಿಕೊಂಡವರಿದ್ದಾಗ

ಎರಡು ಮಹಡಿಗಳ ನಡುವೆ ನಿಂತ ಕ್ಯಾಬಿನ್ನಿನಿಂದ ಜನರನ್ನು ಎಳೆದು ತೆಗೆಯುವುದು ಅತ್ಯಂತ ಅಪಾಯದ ಕೆಲಸ. ಕೆಳಗೆ ಧುಮುಕುವವರು ಕ್ಯಾಬಿನ್ನಿನ ಅಡಿಯ ತೆರವಿನಿಂದ ಶಾಫ್ಟಿಗೆ ಜಾರುತ್ತಾರೆ. ಅರ್ಧ ಹೊರಬಂದಿರುವಾಗ ಕ್ಯಾಬಿನ್ ಜರುಗಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಒಳಗಿರುವವರಿಗೆ ಗಾಳಿ ಸಾಕಷ್ಟಿದೆ, ಗಾಬರಿಯಾಗಬೇಡಿ, ಬಾಗಿಲು ತಳ್ಳಬೇಡಿ ಎಂದು ಹೊರಗಿನಿಂದ ನಿರಂತರ ಮಾತಾಡಿಸಿ. ಮುಖ್ಯ ಸ್ವಿಚ್ ಆರಿಸಿ, ಕಂಪನಿಯ ತುರ್ತು ಸಂಖ್ಯೆಗೆ ಕರೆ ಮಾಡಿ. ಹೃದ್ರೋಗಿ, ಗರ್ಭಿಣಿ, ಮಗು ಒಳಗಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ. ಬಾಗಿಲು ತೆರೆಯುವ ತುರ್ತು ಕೀಲಿ ತರಬೇತಿ ಪಡೆದವರ ಕೈಯಲ್ಲಿ ಮಾತ್ರ ಇರಲಿ. ಅದನ್ನು ವಾಚ್‌ಮನ್ ಕೋಣೆಯ ಮೊಳೆಗೆ ನೇತುಹಾಕುವುದು ಬೇಡ.

ಎಸ್ಕಲೇಟರ್ ಇದ್ದರೆ

ನಮ್ಮ ಜಿಲ್ಲೆಯಲ್ಲಿ ಇನ್ನೂ ಅಪರೂಪವಾದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಅನುಮತಿ, ಪರವಾನಗಿಯ ದಾರಿ ಅದೇ ಕಾಯ್ದೆಯದು. ನೋಡಬೇಕಾದ ಜಾಗ ಮೂರು. ಮೆಟ್ಟಿಲಿನ ಬದಿ ಮತ್ತು ಪಕ್ಕದ ತಗಡಿನ ನಡುವಿನ ಸಂದು ಒಂದು ಕಡೆ 4 ಮಿಲಿಮೀಟರ್ ಮೀರಬಾರದು, ಎರಡೂ ಬದಿ ಸೇರಿ 7 ಮೀರಬಾರದು. ಸೀರೆಯ ಸೆರಗು, ಮೆತ್ತನೆಯ ರಬ್ಬರ್ ಚಪ್ಪಲಿ ಸಿಕ್ಕಿಕೊಳ್ಳುವುದು ಇಲ್ಲೇ. ಮೇಲೆ ಮತ್ತು ಕೆಳಗೆ ಮೆಟ್ಟಿಲು ಒಳಸರಿಯುವಲ್ಲಿರುವ ಬಾಚಣಿಗೆಯಂಥ ತಗಡಿನ ಒಂದು ಹಲ್ಲು ಮುರಿದರೂ ಯಂತ್ರ ನಿಲ್ಲಿಸಿ ಬದಲಿಸಬೇಕು. ಕೈಹಿಡಿ ಮೆಟ್ಟಿಲಿನ ವೇಗದಲ್ಲೇ ಸಾಗಬೇಕು, ಹಿಂದೆ ಬಿದ್ದರೆ ಹಿಡಿದವರು ಹಿಂದಕ್ಕೆ ವಾಲುತ್ತಾರೆ. ಪ್ರತಿದಿನ ಬೆಳಿಗ್ಗೆ ಜನ ಬರುವ ಮೊದಲು ಕೆಂಪು ನಿಲುಗಡೆ ಬಟನ್ ಒತ್ತಿ ಪರೀಕ್ಷಿಸಿಯೇ ಚಾಲೂ ಮಾಡುವ ನಿಯಮವಿರಲಿ. ಬಟ್ಟೆ ಅಂಗಡಿಯ ಕೆಲಸದವರೆಲ್ಲರಿಗೂ ಆ ಬಟನ್ ಎಲ್ಲಿದೆ ಎಂದು ಗೊತ್ತಿರಬೇಕು.

ಅಪಘಾತವಾದರೆ

ಮೊದಲು ಗಾಯಾಳು, ನಂತರ ಉಳಿದದ್ದು. ವಿದ್ಯುತ್ ಕಡಿತಗೊಳಿಸಿ, 112ಕ್ಕೆ ಕರೆ ಮಾಡಿ. ಜನರನ್ನು ರಕ್ಷಿಸಲು ಬೇಕಾದಷ್ಟನ್ನು ಬಿಟ್ಟರೆ ಯಂತ್ರದ ಯಾವ ಭಾಗವನ್ನೂ ಅಲುಗಾಡಿಸಬೇಡಿ, ಮೆಕ್ಯಾನಿಕ್ ಬಂದು 'ಸರಿಮಾಡಿಬಿಡುತ್ತೇನೆ' ಎಂದರೂ ತಡೆಯಿರಿ. ಪೊಲೀಸರಿಗೂ ವಿದ್ಯುತ್ ಪರಿವೀಕ್ಷಕರಿಗೂ ತಡವಿಲ್ಲದೆ ತಿಳಿಸಿ, ಲಿಖಿತ ವರದಿ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲು ಪ್ರತಿ ತೆಗೆದಿಡಿ, ಸರ್ವಿಸ್ ಪುಸ್ತಕವನ್ನು ಬೀಗ ಹಾಕಿದ ಕಪಾಟಿನಲ್ಲಿಡಿ. ಪರಿವೀಕ್ಷಕರು ಪರಿಶೀಲಿಸಿ ಲಿಖಿತವಾಗಿ ಒಪ್ಪಿಗೆ ಕೊಡುವವರೆಗೆ ಎಲ್ಲ ಮಹಡಿಗಳ ಬಾಗಿಲಿಗೂ ಅಡ್ಡಪಟ್ಟಿ ಕಟ್ಟಿ, ಲಿಫ್ಟನ್ನು ಬಂದ್ ಇಡಿ.